ಗುಡ್ಡಣ್ಣನ ಕಥೆಗೆ ಹೂಂ ಅಂದವನು

ತಪ್ಪು ನನ್ನದು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಅಲ್ಲ ಅನ್ನುವುದಿಲ್ಲ. ಅವರು ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ, ನಾನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ. ನನ್ನ ಹೆಂಡತಿ ದಾಕ್ಷಾಯಿಣಿಯನ್ನು ಕೇಳಿದರೆ, ನನ್ನ ಬಾಯಿಯ ಕಡೆ ಬೆರಳು ತೋರಿಸಿ ಅಡುಗೆಮನೆಗೆ ಹೋಗುತ್ತಾಳೆ.

ನಮ್ಮೂರಲ್ಲಿ ಕಥೆಗೆ ಹೂಂಗುಟ್ಟುವ ಕೆಲಸ ನಮ್ಮ ಮನೆತನದ್ದು. ಬೇರೆ ಊರುಗಳಲ್ಲಿ ಯಾರು ಕಥೆ ಹೇಳಿದರೂ ಯಾರು ಬೇಕಾದರೂ ಹೂಂ ಹೂಂ ಅನ್ನುತ್ತಾರಂತೆ, ಅನ್ನುತ್ತಾ ಅನ್ನುತ್ತಾ ನಿದ್ದೆಯನ್ನೂ ಮಾಡುತ್ತಾರಂತೆ. ಇಲ್ಲಿ ಅದಕ್ಕೊಬ್ಬ ಹೂಂಗಾರ ಇರುತ್ತಾನೆ. ಉಳಿದವರು ತಲೆ ಆಡಿಸಬಹುದು, 'ಆಮೇಲೆ?' ಅನ್ನಬಹುದು, ಅವರು ಏನಂದರೂ ಏನೂ ಆಗುವುದಿಲ್ಲ. ಹೂಂಗಾರ ಹೂಂ ಅಂದರೆ ಮಾತ್ರ ಆ ಕಥೆ ಊರಲ್ಲಿ ನಿಂತುಬಿಡುತ್ತದೆ. ನಮ್ಮ ತಾತ ಒಂದು ಮಧ್ಯಾಹ್ನ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಗ, ಬಳೆ ಮಾರುವವನೊಬ್ಬ ಬಂದು ಕಲ್ಲುಸಕ್ಕರೆ ಬಾವಿಯ ಕಥೆ ಹೇಳಿದ. ತಾತ ಬಾಯಲ್ಲಿ ರಸ ತುಂಬಿಕೊಂಡೇ ಹೂಂ ಅಂದರು. ಆವತ್ತಿನಿಂದ ಕೆಳಗಿನ ಬೀದಿಯ ಬಾವಿ ನೀರು ಸಿಹಿ. ಆ ಬೀದಿಯವರು ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಸಾರು ಮಾಡಬೇಕಾದರೆ ಮೇಲಿನ ಬೀದಿಗೆ ಕೊಡ ಹಿಡಿದುಕೊಂಡು ಬರುತ್ತಾರೆ. ಮೊದಮೊದಲು ತಾತನನ್ನು ಬೈಯುತ್ತಿದ್ದರು, ಈಗ ಅಭ್ಯಾಸವಾಗಿದೆ.

ಹೂಂ ಹತ್ತುವುದಕ್ಕೂ ಒಂದು ನಿಯಮ ಇದೆ. ಹೇಳುವವರ ನಾಲಿಗೆ ತಡವರಿಸಬಾರದು. ತಾನು ಹೇಳುವುದರ ಬಗ್ಗೆ ಹೇಳುವವನಿಗೇ ಅನುಮಾನವಿದ್ದರೆ, ನಾನು ಗಂಟಲು ಹರಿಯುವ ಹಾಗೆ ಹೂಂ ಅಂದರೂ ಅದು ನಿಲ್ಲುವುದಿಲ್ಲ. ಇಲ್ಲದಿದ್ದರೆ ಊರಿನ ಪ್ರತಿಯೊಬ್ಬ ಸುಳ್ಳನೂ ನನ್ನ ಮನೆ ಮುಂದೆ ಸಾಲು ನಿಲ್ಲುತ್ತಿದ್ದ. ಈಗಲೂ ಚುನಾವಣೆ ಬಂದಾಗ ಒಂದಿಬ್ಬರು ಬರುತ್ತಾರೆ. ಬಂದು, ಅರ್ಧ ಕಥೆಗೆ ನಾಲಿಗೆ ತಡವರಿಸಿ, ಕಾಫಿ ಕುಡಿದು ಹೋಗುತ್ತಾರೆ.

ಗುಡ್ಡಣ್ಣನೂ ಹೀಗೇ ಬಂದವನು. ನಮ್ಮ ಮುತ್ತಾತನ ಅಪ್ಪನೋ ಅವರಪ್ಪನೋ ಹೂಂ ಅಂದದ್ದು. ಊರು ಹೊಳೆಯ ಈ ದಡದಲ್ಲಿದೆ, ಶಾಲೆ ಆ ದಡದಲ್ಲಿದೆ. ಹಾಗೇಕೆ ಕಟ್ಟಿದರು ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ಗುಡ್ಡಣ್ಣ ಇದ್ದ. ಎರಡಂತಸ್ತಿನ ಮನೆಯಷ್ಟು ಎತ್ತರದ ರಕ್ಕಸ. ಬೆಳಿಗ್ಗೆ ಒಂಬತ್ತೂವರೆಗೆ ದಡದಲ್ಲಿ ಮಂಡಿಯೂರಿ ಕೂರುತ್ತಿದ್ದ. ಆ ಹೆಗಲಿಗೆ ಮೂವರು, ಈ ಹೆಗಲಿಗೆ ಮೂವರು, ತಲೆಯ ಮೇಲೆ ಒಬ್ಬರು, ಹೀಗೆ ಏಳೇಳು ಮಕ್ಕಳನ್ನು ಹೊತ್ತು ದಾಟಿಸುತ್ತಿದ್ದ. ದಾಟಿಸಿದ್ದಕ್ಕೆ ಪ್ರತಿ ಮಗು ತನ್ನ ಬುತ್ತಿಯಿಂದ ಒಂದು ತುತ್ತು ತೆಗೆದು ಅವನ ಅಂಗೈಯಲ್ಲಿ ಇಡಬೇಕು. ಅವನಿಗೇನೂ ಹಸಿವಿರಲಿಲ್ಲ. ಹಸಿವೆಂದರೇನು ಅಂತ ಅವನಿಗೆ ಗೊತ್ತೇ ಇರಲಿಲ್ಲ, ಕಥೆಯಲ್ಲಿ ಅದು ಬರುವುದಿಲ್ಲ. ಯಾರ ಮನೆಯಲ್ಲಿ ಏನು ಅಡುಗೆ ಅಂತ ತಿಳಿದುಕೊಳ್ಳುವ ಚಪಲ, ಅಷ್ಟೇ. ಸಂಜೆ ನಾವು ಸಿಕ್ಕರೆ, ನಿಮ್ಮ ಮನೆಯ ಪುಳಿಯೋಗರೆಗೆ ಇವತ್ತು ಇಂಗು ಜಾಸ್ತಿ ಆಗಿತ್ತಲ್ಲ ಅಂತ ಹೇಳುತ್ತಿದ್ದ. ದಾಕ್ಷಾಯಿಣಿ ನನ್ನ ಮಾತಿಗಿಂತ ಅವನ ಮಾತಿಗೆ ಹೆಚ್ಚು ಬೆಲೆ ಕೊಡುತ್ತಿದ್ದಳು.

ಅವನ ಕಥೆಯನ್ನು ನಮ್ಮೂರಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹಾಲು ಬಿಡಿಸುವ ಹೊತ್ತಿಗೆ ಹೇಳಿ ಆಗಿರುತ್ತದೆ. ಒಂದು ದಿನ ಒಬ್ಬಳು ಹುಡುಗಿ ಬುತ್ತಿಯಿಲ್ಲದೆ ಬರುತ್ತಾಳೆ. ರಕ್ಕಸನ ತಲೆಯ ಮೇಲೆ ಕೂತು, ನಡುಹೊಳೆಯಲ್ಲಿ, ಕೊಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ ಅಂತ ಅಳುತ್ತಾಳೆ. ಆಗ ರಕ್ಕಸ ಬಾಯಿ ತೆರೆಯುತ್ತಾನೆ. ತೆರೆದು, ನಗುತ್ತಾನೆ. ಆ ನಗುವಿಗೆ ಹೆದರಿ ಹೊಳೆ ಮೊಣಕಾಲುದ್ದಕ್ಕೆ ಇಳಿಯುತ್ತದೆ, ಹುಡುಗಿ ತಾನೇ ಇಳಿದು ನಡೆದುಕೊಂಡು ಹೋಗುತ್ತಾಳೆ. ಕಥೆ ಮುಗಿಯಿತು. ಏನೂ ಇಲ್ಲ ಅದರಲ್ಲಿ. ಆದರೂ ನಾವೆಲ್ಲ ಅದನ್ನೇ ಕೇಳಿ ಬೆಳೆದವರು.

ಹೀಗಿರುವಾಗ ಪಟ್ಟಣದಿಂದ ತ್ರಿಲೋಚನ ಅನ್ನುವ ಸಿನಿಮಾ ನಿರ್ದೇಶಕರು ಬಂದರು. ಒಳ್ಳೆಯ ಮನುಷ್ಯ, ನಾನು ಸುಳ್ಳು ಹೇಳುವುದಿಲ್ಲ. ಬಂದವರೇ ಹಿರಿಯರಿಗೆಲ್ಲ ಕೈಮುಗಿದರು, ಚಾಪೆಯ ಮೇಲೆ ಕೂತು ಊಟ ಮಾಡಿದರು. ಗುಡ್ಡಣ್ಣನ ಕಥೆಯನ್ನು ಸಿನಿಮಾ ಮಾಡುತ್ತೇನೆ, ಆದರೆ ದೊಡ್ಡವರು ನೋಡುವ ಹಾಗೆ ಮಾಡುತ್ತೇನೆ ಅಂದರು. ಪ್ರತಿ ಮಕ್ಕಳ ಕಥೆಯ ಒಳಗೂ ಒಂದು ಕತ್ತಲೆ ಇರುತ್ತದೆ, ಅದನ್ನು ಹೊರಗೆ ತೆಗೆಯಬೇಕು ಅಂದರು. ನಮಗೆ ಅಷ್ಟಾಗಿ ತಿಳಿಯಲಿಲ್ಲ. ನಮ್ಮೂರಿನ ಕಥೆ ಪರದೆಯ ಮೇಲೆ ಬರುತ್ತದಲ್ಲ ಅಂತ ಎಲ್ಲರೂ ತಲೆ ಆಡಿಸಿದೆವು. ಇಂದುಮತಿ ಟೀಚರ್ ಒಬ್ಬರೇ, ಇರೋ ಬೆಳಕು ಸಾಲದಾ ಅಂತ ನಿಧಾನವಾಗಿ ಕೇಳಿದರು. ಅವರ ಮಾತನ್ನು ಆ ಗದ್ದಲದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಡ್ಡಣ್ಣನ ಪಾತ್ರವನ್ನು ಗುಡ್ಡಣ್ಣನಿಂದಲೇ ಮಾಡಿಸೋಣ ಅಂತ ಎರಡು ದಿನ ನೋಡಿದರು. ಆಗಲಿಲ್ಲ. ಅವನನ್ನು ಕ್ಯಾಮೆರಾದಲ್ಲಿ ನೋಡಿದರೆ ರಕ್ಕಸ ಅಂತ ನಂಬಿಕೆಯೇ ಬರುವುದಿಲ್ಲ ಅಂದರು ತ್ರಿಲೋಚನ. ಪಟ್ಟಣದಿಂದ ಐದೂವರೆ ಅಡಿಯ ನಟನೊಬ್ಬ ಬಂದ. ಅವನಿಗೆ ಹಲ್ಲು ಅಂಟಿಸಿದರು, ಉಗುರು ಅಂಟಿಸಿದರು. ಗುಡ್ಡಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ನೀರಲ್ಲಿ ಹೆಜ್ಜೆ ಹೇಗಿಡಬೇಕು ಅಂತ ಆ ನಟನಿಗೆ ಹೇಳಿಕೊಟ್ಟ, ಲೈಟುಗಳನ್ನೆಲ್ಲ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ. ಸಿನಿಮಾಕ್ಕೆ 'ಹೆಗಲು' ಅಂತ ಹೆಸರಿಟ್ಟರು.

ಎಂಟು ತಿಂಗಳಿಗೆ ಸಿನಿಮಾ ತಯಾರಾಯಿತು. ಮೊದಲ ಪ್ರದರ್ಶನ ನಮ್ಮೂರ ಟಾಕೀಸಿನಲ್ಲೇ, ಬೆಳಗಿನ ಆಟ. ಇದು ದೊಡ್ಡವರಿಗೆ ಅಂತ ತ್ರಿಲೋಚನ ಹೇಳಿದ್ದರು ನಿಜ. ಆದರೆ ಅದು ನಮ್ಮ ಮಕ್ಕಳ ಕಥೆಯಲ್ಲವೇ? ಶಾಲೆಗೆ ರಜಾ ಕೊಟ್ಟು ಒಂದು ಮಗುವನ್ನೂ ಬಿಡದೆ ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಬಂದರು. ಎದ್ದು ಓಡಾಡುವ ಶಕ್ತಿಯಿದ್ದ ಮುದುಕರೆಲ್ಲ ಬಂದರು, ಇಲ್ಲದವರನ್ನು ಹೊತ್ತು ತಂದರು. ಗುಡ್ಡಣ್ಣ ಒಳಗೆ ಹಿಡಿಸುವುದಿಲ್ಲವಲ್ಲ, ಹಿಂದಿನ ಗೋಡೆಯ ಮೇಲಿನ ತಗಡು ಬಿಚ್ಚಿಸಿ ಅವನ ತಲೆಯೊಂದು ಒಳಗೆ ಬರುವಷ್ಟು ಜಾಗ ಮಾಡಿಕೊಟ್ಟರು. ಅವನು ಹೊರಗೆ ಮಂಡಿಯೂರಿ, ಬೆಳಕು ಒಳಗೆ ಬರದ ಹಾಗೆ ಕುತ್ತಿಗೆಯ ಸುತ್ತ ಕಂಬಳಿ ತುರುಕಿಕೊಂಡು ನೋಡಿದ. ನನಗೆ ಹೂಂಗಾರ ಅಂತ ಮುಂದಿನ ಸಾಲಿನ ನಡುವೆ ಕುರ್ಚಿ. ಎಡಕ್ಕೆ ದಾಕ್ಷಾಯಿಣಿ, ಬಲಕ್ಕೆ ಮಗಳು ನೀಲಿ. ಅವಳಿಗೆ ಆಗ ಏಳು ವರ್ಷ.

ಸಿನಿಮಾ ನೋಡುತ್ತಾ ಯಾರೂ ಹೂಂ ಅನ್ನುವುದಿಲ್ಲ. ನಾನೂ ಅಂದಿರಲಿಲ್ಲ. ಅದುವರೆಗೆ ಆ ಟಾಕೀಸಿನಲ್ಲಿ ನೂರು ಸಿನಿಮಾ ನೋಡಿದ್ದೆ, ಹೊಡೆದಾಟ, ಹಾಡು, ಸತ್ತವರು ಎದ್ದು ಬರುವುದು, ಎಲ್ಲ. ಪಾತ್ರಗಳು ತಮ್ಮ ಪಾಡಿಗೆ ತಾವು ಮಾತಾಡಿಕೊಳ್ಳುತ್ತವೆ, ಅದಕ್ಕೆ ಹೂಂ ಅನ್ನುವುದಕ್ಕೆ ನಾನೇನು ಹುಚ್ಚನೇ? ಆದರೆ ಈ ಸಿನಿಮಾದಲ್ಲಿ ತ್ರಿಲೋಚನ ಒಂದು ಕೆಲಸ ಮಾಡಿದ್ದರು. ಪರದೆ ಕಪ್ಪಾಗಿತ್ತು. ಕತ್ತಲೆಯೊಳಗಿಂದ ಯಾವುದೋ ಮುದುಕರ ಕಂಠ, 'ಒಂದೂರಲ್ಲಿ ಒಬ್ಬ ರಕ್ಕಸ ಇದ್ದ' ಅಂತು. ಅಂದು, ಕಾಯಿತು. ಹೇಳುವವರು ಹೂಂಗೆ ಎಷ್ಟು ಹೊತ್ತು ಕಾಯಬೇಕೋ ಸರಿಯಾಗಿ ಅಷ್ಟು ಹೊತ್ತು. ನಮ್ಮಪ್ಪನಾಣೆಗೂ ಹೇಳುತ್ತೇನೆ, ನಾನು ಅನ್ನಲಿಲ್ಲ, ಹೂಂ ತಾನಾಗೇ ಬಂತು.

ಒಂದು ಸಲ ಹೂಂ ಅಂದಮೇಲೆ ನಡುವೆ ನಿಲ್ಲಿಸುವುದು ನಮ್ಮ ಕಸುಬಿನಲ್ಲಿ ಇಲ್ಲ. ಆ ಕಂಠ ಎಲ್ಲೆಲ್ಲಿ ನಿಂತಿತೋ ಅಲ್ಲಲ್ಲಿ ನಾನು ಹೂಂ ಅನ್ನುತ್ತಾ ಹೋದೆ. ಒಂದು ಕಡೆಯೂ ಅದು ತಡವರಿಸಲಿಲ್ಲ. ತಡವರಿಸುವುದಾದರೂ ಹೇಗೆ, ಅಚ್ಚಾಗಿಹೋದ ಕಂಠ. ಹುಡುಗಿಯ ಬುತ್ತಿ ಖಾಲಿ ಇತ್ತು ಅಂತು. ಹೂಂ. ನಡುಹೊಳೆಯಲ್ಲಿ ರಕ್ಕಸ ನಿಂತ. ಹೂಂ. ಅವನು ಬಾಯಿ ತೆರೆದ. ಇನ್ನೇನು ನಗುತ್ತಾನಲ್ಲ ಅಂತ ನಾನು ಆಗಲೇ ಉಸಿರು ತುಂಬಿಕೊಂಡಿದ್ದೆ. 'ಆವತ್ತು ಅವನಿಗೆ ಮೊದಲ ಸಲ ಹಸಿವಾಯಿತು' ಅಂತು ಕಂಠ. ಕಥೆಯ ಕೊನೆಯ ಹೂಂ ಹೊಕ್ಕುಳಿಂದ ಬರಬೇಕು ಅಂತ ಅಪ್ಪ ಕಲಿಸಿದ್ದರು. ಅಲ್ಲಿಂದಲೇ ಬಂತು. ಇಡೀ ಟಾಕೀಸಿಗೆ ಕೇಳಿಸಿತು. ಪರದೆಯ ಮೇಲೆ ಏನೂ ತೋರಿಸಲಿಲ್ಲ, ಹೊಳೆಯ ನೀರು, ನೀರಿನ ಮೇಲೆ ಹುಡುಗಿಯ ಜಡೆಯ ಒಂದು ಕೆಂಪು ಟೇಪು ತೇಲಿಕೊಂಡು ಹೋಯಿತು, ಅಷ್ಟೇ. ಆಗ ದಾಕ್ಷಾಯಿಣಿ ನನ್ನ ತೊಡೆಯನ್ನು ಎಂಥಾ ಚಿವುಟು ಚಿವುಟಿದಳೆಂದರೆ ಒಂದು ವಾರ ನೀಲಿಗಟ್ಟಿತ್ತು. ಹಿಂದಿನಿಂದ ಗುಡುಗಿನ ಹಾಗೆ ಒಂದು ಶಬ್ದ ಬಂತು. ಸಿನಿಮಾದ್ದೇ ಇರಬೇಕು ಅಂದುಕೊಂಡೆವು. ಅದು ಗುಡ್ಡಣ್ಣನ ಹೊಟ್ಟೆ.

ಮಾರನೇ ಬೆಳಿಗ್ಗೆ ಅವನು ನಮ್ಮ ಮನೆಯ ಹಿತ್ತಿಲಿಗೆ ಬಂದು, ಸ್ವಲ್ಪ ಬಾಯಿ ನೋಡು ಶಾಂತೂ ಅಂದ. ನನ್ನ ಹೆಸರು ಶಾಂತವೀರಯ್ಯ. ನಮ್ಮಪ್ಪನನ್ನೂ ಹೆಗಲ ಮೇಲೆ ಹೊತ್ತವನು, ಹಾಗಾಗಿ ಅವನಿಗೆ ನಾನು ಶಾಂತೂ. ಟಾಕೀಸಿನಿಂದ ಪೋಸ್ಟರ್ ಅಂಟಿಸುವ ಏಣಿ ತಂದು ಹತ್ತಿ ನೋಡಿದೆ. ಮೇಲೆ ಎರಡು, ಕೆಳಗೆ ಎರಡು, ಹೊಸ ಹಲ್ಲು. ಒಂದೊಂದೂ ಕುಡುಗೋಲಿನಷ್ಟು. ದವಡೆ ಹಲ್ಲು ಇರಬೇಕು, ಕೆಲವರಿಗೆ ತಡವಾಗಿ ಬರುತ್ತೆ ಅಂದೆ. ಏಣಿ ಇಳಿಯುವಾಗ ನನ್ನ ಕಾಲು ನಡುಗುತ್ತಿತ್ತು. ನನಗೆ ಎತ್ತರ ಅಂದರೆ ಮೊದಲಿಂದಲೂ ಆಗುವುದಿಲ್ಲ ಅಂತ ದಾಕ್ಷಾಯಿಣಿಗೆ ಹೇಳಿದೆ.

ಆದರೂ ಶಾಲೆ ನಡೆಯಬೇಕಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಊರವರು ಸೇರಿ ಮಾತಾಡಿಕೊಂಡು ಒಂದೊಂದೇ ಏರ್ಪಾಟು ಮಾಡಿದರು. ಬಡಗಿ ವಾರಕ್ಕೆರಡು ಸಲ ಬಂದು ಅರ ಹಾಕಿ ಹಲ್ಲು ತಿಕ್ಕಿ ಹೋಗುತ್ತಿದ್ದ, ಅವು ಎರಡು ದಿನಕ್ಕೆ ಮತ್ತೆ ಬೆಳೆಯುತ್ತಿದ್ದವು. ತಾಯಂದಿರು ಮಕ್ಕಳಿಗೆ ಕಹಿಯಾಗಲಿ ಅಂತ ನೆತ್ತಿಯಿಂದ ಪಾದದವರೆಗೆ ಬೇವಿನೆಣ್ಣೆ ಹಚ್ಚಿ ಕಳಿಸಿದರು. ಇಡೀ ಶಾಲೆ ಗಬ್ಬು ನಾರಿತು, ಇಂದುಮತಿ ಟೀಚರ್ ಪಾಠವನ್ನು ಅಂಗಳಕ್ಕೆ ತಂದರು. ಆಮೇಲೆ ಯಾರಿಗೋ ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಹಾಕುವ ಕುಕ್ಕೆಯ ನೆನಪು ಬಂತು. ಎತ್ತು ತೆನೆಗೆ ಬಾಯಿ ಹಾಕಬಾರದು ಅಂತ ಹಗ್ಗದಲ್ಲಿ ಹೆಣೆದು ಕಟ್ಟುತ್ತಾರಲ್ಲ, ಅದೇ. ಗುಡ್ಡಣ್ಣನ ಅಳತೆಗೆ ಒಂದು ಹೆಣೆಯುವುದಕ್ಕೆ ನಾಲ್ಕು ದಿನ ಬೇಕಾಯಿತು. ಅವನೇ ಕೂತು ಅಳತೆ ಕೊಟ್ಟ, ಇನ್ನೂ ಸ್ವಲ್ಪ ಬಿಗಿಯಾಗಿರಲಿ ಅಂತ ಅವನೇ ಹೇಳಿದ. ತುತ್ತು ಇಡುವ ಪದ್ಧತಿ ನಿಂತುಹೋಯಿತು. ಬಾಯಿಗೆ ಕುಕ್ಕೆ ಕಟ್ಟಿದವನ ಕೈಗೆ ತುತ್ತು ಇಡುವುದು ಹೇಗೆ? ಸಂಜೆ ಅಡುಗೆಯ ಮಾತೂ ನಿಂತಿತು. ದಾಕ್ಷಾಯಿಣಿ ಇಂಗು ಹಾಕುವುದನ್ನೇ ಬಿಟ್ಟಳು.

ಮೂರು ವಾರ ಹೀಗೆ ನಡೆಯಿತು. ಒಂದು ಸೋಮವಾರ ತಲೆಯ ಮೇಲೆ ಕೂರುವ ಪಾಳಿ ನಮ್ಮ ನೀಲಿಯದು. ನಾನು ಈ ದಡದಲ್ಲಿ ನಿಂತು ನೋಡುತ್ತಿದ್ದೆ. ಗುಡ್ಡಣ್ಣ ನಡುಹೊಳೆಯಲ್ಲಿ ನಿಂತ. ಸುಮ್ಮನೆ ನಿಂತ. ನೀರು ಅವನ ಸೊಂಟದ ಸುತ್ತ ಸುತ್ತಿಕೊಂಡು ಹೋಗುತ್ತಿತ್ತು. ಅವನು ಉಗುಳು ನುಂಗಿದ್ದು ಎರಡೂ ದಡಕ್ಕೆ ಕೇಳಿಸಿತು. ಕೂಗೋಣವೆಂದರೆ ಕೂಗು ಬರಲಿಲ್ಲ. ಹೇಳಬೇಕಾದ ಹೊತ್ತಿಗೆ ಹೇಳಲಾರದ ಬಾಯಿ ಇದು, ಬೇಡವಾದ ಹೊತ್ತಿಗೆ ಮಾತ್ರ ತಾನಾಗಿ ತೆರೆಯುತ್ತದೆ. ಆಮೇಲೆ ಅವನು ನಡೆದ. ಆ ದಡಕ್ಕೆ ಹೋಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಳಿಸಿದ, ನೀಲಿಯನ್ನು ಕೊನೆಗೆ ಇಳಿಸಿದ. ಇಳಿಸಿ, ಓಡಿಹೋಗಿ ಅಂದ. ಮಕ್ಕಳು ಓಡಿದರು. ಅವನು ಈ ಕಡೆಗೆ ಬಂದು ಕುಕ್ಕೆ ಬಿಚ್ಚಿ ನೆಲದ ಮೇಲಿಟ್ಟ. ಒಂದು ಕಡೆ ಹಗ್ಗ ಕಡಿದುಹೋಗಿತ್ತು.

"ಅವಳ ತಲೆಗೆ ಬೇವಿನೆಣ್ಣೆ ಇತ್ತು," ಅಂದ. "ಆದ್ರೂ ಘಮ ಅನ್ನಿಸ್ತು ಕಣೋ ಶಾಂತೂ."

ಆವತ್ತಿನಿಂದ ಅವನು ಯಾರನ್ನೂ ಹೊರಲಿಲ್ಲ. ಆವತ್ತು ಸಂಜೆ ಮಕ್ಕಳನ್ನು ಕಾಲುದಾರಿಯಲ್ಲಿ, ಹೊಳೆ ಕಿರಿದಾದ ಕಡೆ ದಾಟಿಸಿ, ನಾಲ್ಕು ಮೈಲಿ ಸುತ್ತಿಸಿ ಮನೆಗೆ ತಂದೆವು, ಆಮೇಲೆ ದಿನವೂ ಅದೇ ದಾರಿ. ಅವನು ಹೊಳೆಯಂಚಿನ ಬಂಡೆಯ ಹಿಂದೆ, ಊರಿಗೆ ಬೆನ್ನು ಹಾಕಿ ಕೂರತೊಡಗಿದ. ಮಕ್ಕಳ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಹಳೆಯ ಕಥೆಯನ್ನೇ ಮತ್ತೆ ಹೇಳಿ, ಮತ್ತೆ ಹೂಂ ಅಂದರೆ ಆಯಿತಲ್ಲ ಅಂತ ನೀವು ಕೇಳಬಹುದು. ಅಷ್ಟು ನಮಗೂ ಹೊಳೆಯಿತು. ಶಾಲೆಯ ಅಂಗಳದಲ್ಲಿ ಊರೆಲ್ಲ ಸೇರಿತು, ಗುಡ್ಡಣ್ಣ ದೂರದಲ್ಲಿ ಕೂತ. ಮೊದಲು ಇಂದುಮತಿ ಟೀಚರ್ ಹೇಳಿದರು. ಮೂವತ್ತು ವರ್ಷ ಅದನ್ನೇ ಹೇಳಿದವರು. 'ಆಗ ರಕ್ಕಸ ಬಾಯಿ ತೆರೆದ' ಅನ್ನುವಲ್ಲಿಗೆ ಬಂದರು, ಗಂಟಲು ಹಿಡಿಯಿತು. ಒಂದೇ ಒಂದು ಗಳಿಗೆ. ನಾನು ಹೂಂ ಅಂದೆ, ಬಿರುಕು ಬಿಟ್ಟ ಮಡಕೆ ಬಡಿದ ಹಾಗೆ ಕೇಳಿಸಿತು. ಹತ್ತಲಿಲ್ಲ. ಅಜ್ಜಿಯರು ಹೇಳಿದರು, ಪೂಜಾರಿ ಹೇಳಿದರು, ಎಲ್ಲರೂ ಅಲ್ಲಿಯವರೆಗೆ ನೀಟಾಗಿ ಬಂದು ಅಲ್ಲೇ ಎಡವಿದರು. ಊರಲ್ಲಿ ಆ ಸಿನಿಮಾ ನೋಡದವರು ಒಬ್ಬರಾದರೂ ಇದ್ದರೆ ತಾನೇ? ಮಲಗಿದಲ್ಲೇ ಇದ್ದ ಇಬ್ಬರು ಮುದುಕರಿಗೆ ಮನೆಯವರು ಬಂದು ಹೇಳಿದ್ದರು, ಅದೂ ಸಿನಿಮಾದಲ್ಲಿ ತೋರಿಸದೆ ಬಿಟ್ಟದ್ದನ್ನೂ ಸೇರಿಸಿ. ಕೊನೆಗೆ ನಮ್ಮ ನೀಲಿ, ನಾನು ಹೇಳ್ತೀನಿ ಅಂತ ಎದ್ದಳು. ಜಡೆ ಹಿಂದಕ್ಕೆ ಹಾಕಿಕೊಂಡು ಧೈರ್ಯವಾಗಿ ಶುರು ಮಾಡಿದಳು. ಆ ಜಾಗ ಬಂದಾಗ ತಿರುಗಿ ಗುಡ್ಡಣ್ಣನ ಬಾಯಿ ನೋಡಿದಳು. ನೋಡಿ, ಅಮ್ಮನ ಸೆರಗಿನೊಳಗೆ ಹೋದಳು. ಉಳಿದವರು ಎಡವಿದಾಗ ಗುಡ್ಡಣ್ಣ ಕೂತೇ ಇದ್ದ. ಅವಳು ಸೆರಗಿನೊಳಗೆ ಹೋದಾಗ ಎದ್ದು ಹೋದ.

ತ್ರಿಲೋಚನರಿಗೂ ಹೇಳಿಕಳಿಸಿದೆವು. ಅವರು ಬಂದರು, ಅದು ಅವರ ದೊಡ್ಡತನ. ಗುಡ್ಡಣ್ಣನ ಹಲ್ಲು ನೋಡಿ ಮುಖ ಬಿಳಿಚಿಕೊಂಡಿತು. ಒಳ್ಳೆಯದಾಗುವ ಹಾಗೆ ಮುಗಿಸಿ ಹೇಳಿ ಸ್ವಾಮಿ ಅಂತ ಊರವರು ಕೈಮುಗಿದರು. ಅವರು ಪ್ರಯತ್ನಪಟ್ಟರು, ಆದರೆ ಅವರಿಗೆ ಆ ಕಥೆಯಲ್ಲಿ ಮೊದಲಿಂದಲೂ ನಂಬಿಕೆ ಇದ್ದದ್ದು ಹಲ್ಲಿನ ಮೇಲೆ ಮಾತ್ರ. ಎರಡನೇ ಭಾಗ ತೆಗೆದು ಅದರಲ್ಲಿ ರಕ್ಕಸನಿಗೆ ಪಶ್ಚಾತ್ತಾಪ ಆಗುವ ಹಾಗೆ ಮಾಡಬಹುದು, ಎರಡು ವರ್ಷ ಹಿಡಿಯುತ್ತದೆ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮಿಂದ ಊರು ಹಾಳಾಯಿತು ಅಂತ ಎಲ್ಲರ ಮುಂದೆ ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಸಿನಿಮಾ ಮಾಡ್ದೆ ಶಾಂತವೀರಯ್ಯನೋರೆ," ಅಂದರು. "ನೂರು ಊರಲ್ಲಿ ತೋರಿಸಿದೀನಿ. ಹೂಂ ಅಂದಿದ್ದು ನೀವೊಬ್ರೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಾಯಿ ಮುಟ್ಟಿ ನೋಡಿಕೊಂಡೆ. ಅಲ್ಲಿದ್ದ ಒಬ್ಬರೂ ನನ್ನ ಪರವಾಗಿ ಮಾತಾಡಲಿಲ್ಲ, ದಾಕ್ಷಾಯಿಣಿಯೂ ಸೇರಿದಂತೆ.

ಇದಾದ ನಾಲ್ಕನೇ ದಿನ ಶನಿವಾರ, ಶಾಲೆ ಅರ್ಧ ದಿನ. ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುತ್ತಿದ್ದೆ, ಗುಡ್ಡಣ್ಣ ಹೇಳಿಕಳಿಸಿದ. ಬಂಡೆಯ ಹತ್ತಿರ ಹೋದೆ. ಅವನು ಸೊರಗಿದ್ದ. ಅಷ್ಟು ದೊಡ್ಡ ಮೈ ಸೊರಗಿದರೆ ಹೇಗೆ ಕಾಣುತ್ತದೆ ಅಂತ ನಾನು ನೋಡಿರಲಿಲ್ಲ. ಹೊಟ್ಟೆಯ ಮೇಲೆ ಒಂದು ಗುಂಡುಕಲ್ಲು ಒತ್ತಿ ಹಿಡಿದುಕೊಂಡಿದ್ದ. ಊರಿನ ಅಕ್ಕಿ, ರಾಗಿ, ಹುಲ್ಲು, ಹಿಂಡಿ ಎಲ್ಲ ತಿಂದು ನೋಡಿದೆ, ಈ ಹಸಿವು ಅದನ್ನು ಕೇಳುತ್ತಿಲ್ಲ ಅಂದ. ಬಹಳ ದಿನ ತಡೆಯಲಾರೆ ಅಂದ. ಹಳೆಯ ಕಥೆಯನ್ನು ತಾನೇ ಹೇಳಿಕೊಂಡು ನೋಡಿದ್ದನಂತೆ, ಯಾರೂ ಇಲ್ಲದಾಗ. 'ಬಾಯಿ ತೆರೆದ' ಅನ್ನುವಲ್ಲಿ ಅವನಿಗೆ ಬಾಯಲ್ಲಿ ನೀರೂರಿತಂತೆ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನನಗೆ ಅಳು ಬಂತು. ತಪ್ಪಾಯಿತು ಗುಡ್ಡಣ್ಣ ಅಂತ ಅಂದೆ. ಅದುವರೆಗೆ ಯಾರಿಗೂ ಅಂದಿರಲಿಲ್ಲ.

ಅವನು, ಅದಿರಲಿ, ಕೂತ್ಕೋ ಅಂದ. ನಾನೊಂದು ಕಥೆ ಹೇಳುತ್ತೇನೆ, ನಾಲಿಗೆ ತಡವರಿಸದೆ ಹೇಳುತ್ತೇನೆ, ನೀನು ಹೂಂ ಅನ್ನು ಅಂದ. ನಾನು ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅವನು ಹೊಳೆಯ ಕಡೆ ನೋಡುತ್ತಾ ಶುರು ಮಾಡಿದ.

"ಒಂದೂರಲ್ಲಿ ಒಬ್ಬ ರಕ್ಕಸ ಇದ್ದ."

"ಹೂಂ."

"ಅವನಿಗೆ ಹಸಿವಾಯ್ತು."

"ಹೂಂ."

"ತಿನ್ನೋಕೆ ಮುಂಚೆ ಎದ್ದು ಹೋದ. ಹೊಳೆ ಹಿಡ್ಕೊಂಡು ಮೇಲಕ್ಕೆ, ಮನುಷ್ಯರ ಉಸಿರೇ ಇಲ್ಲದ ಕಡೆ ಹೋದ."

ನನಗೆ ಅರ್ಥವಾಯಿತು. ಆದರೆ ಆ ಹೊತ್ತಿಗೆ ನೀಲಿ ಈ ದಡದ ಕಾಲುದಾರಿಯಲ್ಲಿ, ಮಕ್ಕಳ ಸಾಲಿನಲ್ಲಿ ಬರುತ್ತಿದ್ದದ್ದು ಕಾಣಿಸುತ್ತಿತ್ತು. ಅವನಿಗೂ ಕಾಣಿಸುತ್ತಿತ್ತು. ಅವನ ಮೂಗಿನ ಹೊಳ್ಳೆ ಅರಳಿತು. ಅವನು ಕಲ್ಲನ್ನು ಇನ್ನೂ ಒತ್ತಿಕೊಂಡ. ನಾನು ಹೂಂ ಅಂದೆ.

ಅಲ್ಲಿ ಸಿಕ್ಕಿದ ಗೆಡ್ಡೆಗೆಣಸು ತಿಂದ ಅಂದ, ಹೊಟ್ಟೆ ತುಂಬಿತು ಅಂತ ಹೇಳುವುದಿಲ್ಲ, ಆದರೆ ಬದುಕಿದ ಅಂದ. ನಾನು ಹೂಂ ಅಂದೆ. ಊರವರು ಹೊಳೆಗೆ ಸೇತುವೆ ಕಟ್ಟಿಕೊಂಡರು ಅಂದ, ಕಲ್ಲಿನ ಕಂಬ, ಎರಡೂ ಕಡೆ ಮಕ್ಕಳು ಬೀಳದ ಹಾಗೆ ಎತ್ತರದ ಕಟ್ಟೆ ಅಂದ. ಹೂಂ ಅಂದೆ. ಬೇವಿನೆಣ್ಣೆ ನಿಂತಿತು, ಮಕ್ಕಳು ತಾವೇ ನಡೆದುಕೊಂಡು ದಾಟಿದರು ಅಂದ. ಹೂಂ ಅಂದೆ. ಒಂದು ಕಡೆಯೂ ಅವನ ನಾಲಿಗೆ ತಡವರಿಸಲಿಲ್ಲ. ಒಂದೊಂದು ಹೂಂ ಕೂಡ ಸರಿಯಾಗಿ ಹತ್ತಿತು, ನನಗೆ ಗೊತ್ತಾಗುತ್ತದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಹೂಂಗುಟ್ಟಿದವನಲ್ಲ, ಅಷ್ಟು ಸಂಕಟಪಟ್ಟವನೂ ಅಲ್ಲ.

"ಆಮೇಲೆ ಊರವರು ಅವನನ್ನ ಮರ್ತುಬಿಟ್ರು," ಅಂದ ಗುಡ್ಡಣ್ಣ. "ಅವನ ಹೆಸರೂ ಯಾರಿಗೂ ನೆನಪಿರಲಿಲ್ಲ."

ಅಂದು, ಕಾದ.

ಹೊಕ್ಕುಳಿಂದ ಹೂಂ ಎದ್ದು ಗಂಟಲಿಗೆ ಬಂತು. ಹೆಗಲ ಮೇಲಿನ ಟವೆಲ್ ತೆಗೆದು ಬಾಯಿಗೆ ತುರುಕಿಕೊಂಡೆ.

ಅವನು ತಿರುಗಿ ನೋಡಿದ. ನೆನಪಿದ್ದರೆ ಹುಡುಕಿಕೊಂಡು ಬರುತ್ತೀರಿ, ಬರುವಾಗ ಮಕ್ಕಳನ್ನೂ ಕರೆದುಕೊಂಡು ಬರುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ, ಹೂಂ ಅನ್ನು ಅಂದ. ನಾನು ತಲೆಯನ್ನು ಅಡ್ಡಕ್ಕೆ ಆಡಿಸಿದೆ. ಅವನು ಮತ್ತೆ ಮೊದಲಿನ ಹಾಗೇ ನಿಧಾನವಾಗಿ, ಊರವರು ಅವನನ್ನು ಮರೆತುಬಿಟ್ಟರು ಅಂದ. ಮೂರನೇ ಸಲವೂ ಅಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಟವೆಲಿನ ನೂಲು ನಾಲಿಗೆಗೆ ಅಂಟಿಕೊಂಡಿತ್ತು, ನಾನು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡು ಕೂತಿದ್ದೆ. ಮೂರನೇ ಸಲ ಹೇಳುವಾಗ ಅವನ ನಾಲಿಗೆ ಒಂದಿಷ್ಟು ತಡವರಿಸಿತು.

ಅವನು ಕಲ್ಲು ಕೆಳಗಿಟ್ಟು ಎದ್ದ. ನಿಮ್ಮ ವಂಶದಲ್ಲಿ ಇಂಥಾ ಕೆಟ್ಟ ಹೂಂಗಾರ ಹುಟ್ಟಿರಲಿಲ್ಲ ಅಂದ. ಅಂದು ನೀರಿಗೆ ಇಳಿದು ಮೇಲಕ್ಕೆ ನಡೆದ. ಸೊಂಟದವರೆಗೆ, ಆಮೇಲೆ ಎದೆಯವರೆಗೆ, ತಿರುವಿನಲ್ಲಿ ತಲೆ ಮಾತ್ರ ಕಾಣುತ್ತಿತ್ತು. ನೀಲಿ ಆಗಷ್ಟೇ ದಾರಿಯಿಂದ ಓಡಿ ಬಂದು ನನ್ನ ಪಕ್ಕ ನಿಂತು ಏದುಸಿರು ಬಿಡುತ್ತಿದ್ದಳು. ಯಾರಪ್ಪಾ ಅದು ಅಂತ ಅವಳು ಕೇಳಿಬಿಡುತ್ತಾಳೇನೋ ಅಂತ ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ.

"ಗುಡ್ಡಣ್ಣ ಎಲ್ಲಿಗೆ ಹೋಗ್ತಿದಾನಪ್ಪಾ?" ಅಂದಳು.